ನಾಯಿ ಬೊಗಳಿದರೆ ಮೂರನೇ ಮಹಡಿ ಹಾಳು!

‘ನಾಯಿ ಬೊಗಳಿದರೆ ದೇವಲೋಕ ಹಾಳೇ?’ ಅಂತ ಗಾದೆ ಕಟ್ಟಿದವರು ಖಂಡಿತಾ ಅಪಾರ್ಟ್‌ಮೆಂಟಿನಲ್ಲಿ ಇದ್ದವರಲ್ಲ. ಅವರ ಕಾಲದ ಮನೆಗೆ ಅಂಗಳ ಇತ್ತು, ಹಿತ್ತಲು ಇತ್ತು, ಪಕ್ಕದ ಮನೆ ಕೂಗಿದರೆ ಕೇಳುವಷ್ಟು ದೂರದಲ್ಲಿತ್ತು. ರಾತ್ರಿ ನಾಯಿ ಬೊಗಳಿದರೆ ‘ಯಾರೋ ಬಂದ್ರು ನೋಡು’ ಅಂತ ಲಾಟೀನು ಹಿಡಿದು ಎದ್ದು ಹೋಗುತ್ತಿದ್ದರು. ಬೊಗಳದ ನಾಯಿಗೆ ಹಾಕಿದ ಅನ್ನ ದಂಡ ಅನ್ನುತ್ತಿದ್ದರು. ಈಗ ಅದೇ ನಾಯಿ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಬಂದಿದೆ. ಗೋಡೆಯಾಚೆ ಒಬ್ಬರು ನೈಟ್ ಶಿಫ್ಟ್ ಮುಗಿಸಿ ಮಲಗಿದ್ದಾರೆ, ಎದುರುಮನೆಯಲ್ಲಿ ಪಿಯುಸಿ ಹುಡುಗ ಓದ್ತಿದ್ದಾನೆ, ಒಳಗೆ ನಾವು ಮೀಟಿಂಗಿನಲ್ಲಿದ್ದೇವೆ. ನಾಯಿಯ ಕೆಲಸ ಮಾತ್ರ ಅದೇ ಹಳೆಯದು. ಯಾರು ಬಂದರೂ ಕೂಗಿ ಹೇಳುವುದು.

ಕೇಳೋಕೆ ತಮಾಷೆ ಅನ್ನಿಸಬಹುದು. ಆದರೆ ಇದು ಬೆಳೆಯುವ ರೀತಿ ಗೊತ್ತಲ್ಲ? ಮೊದಲು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹೆಸರು ಹಾಕದ ಒಂದು ದೂರು. ಆಮೇಲೆ ಅಸೋಸಿಯೇಷನ್ ನೋಟಿಸು. ಕೊನೆಗೆ ಮನೆ ಓನರ್ ಫೋನು: ‘ನಾಯಿ ಬಿಡ್ತೀರೋ, ಮನೆ ಬಿಡ್ತೀರೋ?’ ಬಾಡಿಗೆ ಮನೆಯಲ್ಲಿರುವವರು ಇಷ್ಟಕ್ಕೇ ಸಾಕಿದ ನಾಯಿಯನ್ನು ಊರಿನ ತೋಟಕ್ಕೆ ಕಳಿಸಿ, ಆಮೇಲೆ ಅದರ ಫೋಟೊ ನೋಡಿಕೊಂಡು ಅಳುವುದನ್ನು ನಾನು ಕಂಡಿದ್ದೇನೆ. ಆ ನಾಯಿಗೆ ತಾನು ಮಾಡಿದ ತಪ್ಪೇನು ಅಂತ ಯಾವತ್ತೂ ಗೊತ್ತಾಗುವುದಿಲ್ಲ.

ಹಾಗಾಗಿ ಈ ಸಲ ಇದರ ಬಗ್ಗೆಯೇ ಮಾತಾಡೋಣ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ‘ಇದರ ಬಾಯಿ ಮುಚ್ಚಿಸೋದು ಹೇಗೆ?’ ಅನ್ನುವ ಪ್ರಶ್ನೆ ಆಮೇಲಿನದು. ಅದಕ್ಕೂ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಇದು ಯಾವುದಕ್ಕೆ ಬೊಗಳ್ತಿದೆ? ಬೊಗಳಿದ ಮೇಲೆ ಇದಕ್ಕೆ ಏನು ಸಿಗ್ತಿದೆ? ಇವೆರಡಕ್ಕೆ ಉತ್ತರ ಸಿಕ್ಕರೆ ಅರ್ಧ ತರಬೇತಿ ಮುಗಿದ ಹಾಗೆ.

ಬೊಗಳೋದನ್ನ ಕಲಿಸಿದ್ದು ನಾವೇ

ನಾಯಿಯ ಹತ್ತಿರದ ನೆಂಟ ತೋಳ. ಆದರೆ ದೊಡ್ಡ ತೋಳಗಳು ಬೊಗಳುವುದು ಬಹಳ ಕಡಿಮೆ. ರಷ್ಯಾದ ದಿಮಿತ್ರಿ ಬೆಲ್ಯಾಯೆವ್ ಎಂಬ ವಿಜ್ಞಾನಿ 1959ರಲ್ಲಿ ನೊವೊಸಿಬಿರ್ಸ್ಕ್‌ನಲ್ಲಿ ನರಿಗಳ ಮೇಲೆ ಒಂದು ಪ್ರಯೋಗ ಶುರುಮಾಡಿದರು. ಪ್ರತಿ ತಲೆಮಾರಿನಲ್ಲೂ ಮನುಷ್ಯರಿಗೆ ಹೆದರದ, ಸೌಮ್ಯ ಸ್ವಭಾವದ ಮರಿಗಳನ್ನಷ್ಟೇ ಆರಿಸಿ ಬೆಳೆಸುತ್ತಾ ಹೋದರು. ಕೆಲವು ತಲೆಮಾರು ಕಳೆಯುವಷ್ಟರಲ್ಲಿ ಆ ನರಿಗಳು ಮನುಷ್ಯರನ್ನು ಕಂಡರೆ ಬಾಲ ಅಲ್ಲಾಡಿಸತೊಡಗಿದವು, ಕೈ ನೆಕ್ಕತೊಡಗಿದವು, ನಾಯಿಯ ಹಾಗೆ ದನಿಯನ್ನೂ ತೆಗೆಯತೊಡಗಿದವು. ಅಂದರೆ ಮನುಷ್ಯರ ಜೊತೆ ಬಾಳುವುದಕ್ಕೂ ಬೊಗಳುವುದಕ್ಕೂ ಒಳಗೊಳಗೇ ಏನೋ ನಂಟಿದೆ. ಜೊತೆಗೆ ನಾವು ಬೇಕು ಅಂತಲೇ ಬೊಗಳುವ ತಳಿಗಳನ್ನೂ ಬೆಳೆಸಿದೆವು. ಬೀಗಲ್ ನಾಯಿ ಗಂಟಲು ಬಿಟ್ಟು ಕೂಗುವುದು ಯಾಕೆ? ಬೇಟೆಯ ಜಾಡು ಸಿಕ್ಕಿದೆ ಅಂತ ದೂರದಲ್ಲಿರುವ ಯಜಮಾನನಿಗೆ ಹೇಳಲಿ ಅಂತಲೇ ಅದನ್ನು ಬೆಳೆಸಿದ್ದರು. ಅಂಥ ನಾಯಿಯನ್ನು ಫ್ಲ್ಯಾಟಿಗೆ ತಂದು ‘ಸೈಲೆಂಟ್ ಆಗಿರು’ ಅಂದರೆ ಹೇಗೆ?

ಇನ್ನೊಂದು ಸ್ವಾರಸ್ಯ ಇದೆ. ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಪೀಟರ್ ಪೊಂಗ್ರಾಟ್ಸ್ ಮತ್ತು ಅವರ ಸಂಗಡಿಗರು ಬೇರೆ ಬೇರೆ ಸಂದರ್ಭದಲ್ಲಿ ನಾಯಿ ಬೊಗಳಿದ್ದನ್ನು ರೆಕಾರ್ಡ್ ಮಾಡಿ ಜನರಿಗೆ ಕೇಳಿಸಿದರು. 2005ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಯಾವತ್ತೂ ನಾಯಿ ಸಾಕದವರು ಕೂಡ ‘ಇದು ಅಪರಿಚಿತರನ್ನು ನೋಡಿ ಬೊಗಳ್ತಿರೋದು, ಇದು ಒಂಟಿಯಾಗಿ ಕಟ್ಟಿಹಾಕಿದಾಗ ಬೊಗಳ್ತಿರೋದು’ ಅಂತ ಗುರುತಿಸುವುದರಲ್ಲಿ ಬರೀ ಊಹೆಗಿಂತ ಮುಂದಿದ್ದರು. ದಪ್ಪ ದನಿಯಲ್ಲಿ ಒಂದರ ಹಿಂದೊಂದು ಬಿಡದೆ ಬೊಗಳಿದರೆ ಅದು ಸಿಟ್ಟು ಅಂತ ಕೇಳಿದವರಿಗೆ ಅನ್ನಿಸಿತ್ತು. ತೆಳು ದನಿಯಲ್ಲಿ, ನಡುವೆ ತಡೆದು ತಡೆದು ಬೊಗಳಿದರೆ ಸಂಕಟ ಅನ್ನಿಸಿತ್ತು. ನಿಮ್ಮ ಕಿವಿಗೂ ಆ ಶಕ್ತಿ ಇದೆ. ರೇಗುವ ಮೊದಲು ಒಂದು ನಿಮಿಷ ಕೇಳಿಸಿಕೊಳ್ಳಿ.

ಐದು ದಿನದ ಲೆಕ್ಕ

ನಮ್ಮ ಮನೆಯ ನಾಯಿ ಗುಂಡ, ಬೀದಿಯಿಂದ ಬಂದವನು, ಈಗ ಮೂರು ವರ್ಷ. ಕೆಳಗಿನ ಮನೆಯ ಆಂಟಿಯ ಮಗಳು ಬಾಣಂತನಕ್ಕೆ ಬಂದಾಗ ಒಂದು ಸಂಜೆ ಆಂಟಿ ಮೇಲೆ ಬಂದರು. ‘ಗುಂಡನ ಮೇಲೆ ನನಗೇನೂ ಸಿಟ್ಟಿಲ್ಲಮ್ಮಾ. ಆದ್ರೆ ಕೂಸು ಆಗ ತಾನೇ ಕಣ್ಣು ಮುಚ್ಚಿರುತ್ತೆ, ನಿಮ್ಮನೆ ಬೆಲ್ ಆಗುತ್ತೆ, ಇವನು ಶುರು ಮಾಡ್ತಾನೆ. ನನ್ನ ಮಗಳು ನಿದ್ದೆ ಮಾಡಿ ಹತ್ತು ದಿನ ಆಯ್ತು’ ಅಂದರು. ಜಗಳಕ್ಕೆ ಬಂದಿದ್ದರೆ ಉತ್ತರ ಕೊಡಬಹುದಿತ್ತು. ಅವರ ಮುಖದಲ್ಲಿದ್ದದ್ದು ಆಯಾಸ. ಬಾಣಂತಿಗೆ ನಿದ್ದೆ ಎಷ್ಟು ಮುಖ್ಯ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಮರುದಿನದಿಂದ ಫೋನಿನ ನೋಟ್ಸ್‌ನಲ್ಲಿ ಬರೆದಿಡತೊಡಗಿದೆ. ಎಷ್ಟು ಗಂಟೆಗೆ ಬೊಗಳಿದ, ಯಾವುದಕ್ಕೆ, ಎಷ್ಟು ಹೊತ್ತು, ಆಮೇಲೆ ಏನಾಯ್ತು. ಐದು ದಿನದಲ್ಲಿ 34 ಸಲ. ಅದರಲ್ಲಿ 19 ಸಲ ಕಾಲಿಂಗ್ ಬೆಲ್‌ಗೆ. 9 ಸಲ ಬಾಲ್ಕನಿಯಿಂದ ಕೆಳಗೆ ಹೋಗುವವರನ್ನು ನೋಡಿ. 4 ಸಲ ಅತ್ತೆ ಊಟಕ್ಕೆ ಕೂತಾಗ. 2 ಸಲ ರಾತ್ರಿ, ಬೀದಿನಾಯಿಗಳಿಗೆ ಉತ್ತರವಾಗಿ. ‘ಇಡೀ ದಿನ ಬೊಗಳ್ತಾನೆ’ ಅನ್ನುವ ದೊಡ್ಡ ಬೆಟ್ಟ ಹೀಗೆ ನಾಲ್ಕು ಸಣ್ಣ ಗುಡ್ಡಗಳಾಯ್ತು. ಒಂದೊಂದಕ್ಕೂ ದಾರಿ ಬೇರೆ.

ನೀವೂ ಮೊದಲು ಇದನ್ನೇ ಮಾಡಿ. ನೀವು ಆಫೀಸಿಗೆ ಹೋದ ಮೇಲೆ ಬೊಗಳುತ್ತೆ ಅಂತ ದೂರಿದ್ದರೆ ಒಂದು ಹಳೇ ಫೋನನ್ನು ರೆಕಾರ್ಡಿಂಗಿಗೆ ಇಟ್ಟು ಹೋಗಿ.

ಬೆಲ್ಲು, ಚಾಪೆ, ‘ಸಾಕು’

ಬಾಗಿಲಿಗೆ ಬರುವವರನ್ನು ಕಂಡರೆ ನಾಯಿಗೆ ಯಾಕೆ ಅಷ್ಟು ಆವೇಶ? ಅದರ ಲೆಕ್ಕದಲ್ಲಿ ನೋಡಿ. ಡೆಲಿವರಿ ಹುಡುಗ ಬಂದ, ನಾನು ಬೊಗಳಿದೆ, ಅವನು ಹೊರಟೇಹೋದ. ಕೊರಿಯರ್‌ನವರು ಬಂದರು, ಬೊಗಳಿದೆ, ಅವರೂ ಹೋದರು. ಅವರು ಹೇಗಿದ್ದರೂ ಹೋಗುವವರೇ ಅಂತ ನಾಯಿಗೆ ಗೊತ್ತಿಲ್ಲ. ಅದರ ಪ್ರಕಾರ ದಿನಕ್ಕೆ ನಾಲ್ಕೈದು ಸಲ ಅದು ಮನೆಯನ್ನು ಕಾಪಾಡಿದೆ! ಪ್ರತಿ ಗೆಲುವಿಗೂ ಅಭ್ಯಾಸ ಇನ್ನಷ್ಟು ಗಟ್ಟಿಯಾಗುತ್ತೆ. ನಡುವೆ ನಾವು ‘ಏಯ್, ಸುಮ್ನಿರೋ!’ ಅಂತ ಕಿರುಚಿದರೆ, ಮನೆಯವರೂ ನನ್ನ ಜೊತೆ ಸೇರಿ ಬೊಗಳ್ತಿದ್ದಾರೆ ಅಂತಲೇ ಅದಕ್ಕೆ ಅನ್ನಿಸಬಹುದು.

ಇಲ್ಲಿ ಕೆಲಸ ಎರಡು. ಮೊದಲನೆಯದು, ಬೆಲ್ಲಿನ ಅರ್ಥ ಬದಲಾಯಿಸುವುದು. ನಿಮ್ಮ ಮನೆಯ ಬೆಲ್ ಶಬ್ದವನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಿ. ನಾಯಿ ಕಿವಿ ನಿಮಿರಿಸಿದರೂ ಬೊಗಳದೇ ಇರುವಷ್ಟು ಸಣ್ಣ ದನಿಯಲ್ಲಿ ಹಾಕಿ. ಶಬ್ದ ಬಂದ ತಕ್ಷಣ ಬೇಯಿಸಿದ ಕೋಳಿಯದೋ ಪನೀರಿನದೋ ಕಡಲೆಕಾಳಿನಷ್ಟು ತುಂಡು ಕೊಡಿ. ಶಬ್ದ ಮೊದಲು, ತಿಂಡಿ ಆಮೇಲೆ. ಈ ಕ್ರಮ ತಪ್ಪಬಾರದು. ಹತ್ತು ಸಲ ಮಾಡಿ ನಿಲ್ಲಿಸಿ. ದಿನಕ್ಕೆ ಎರಡು ಹೊತ್ತು, ಐದೈದು ನಿಮಿಷ ಸಾಕು. ಎರಡು ಮೂರು ದಿನಕ್ಕೊಮ್ಮೆ ದನಿಯನ್ನು ಸ್ವಲ್ಪ ಸ್ವಲ್ಪವೇ ಏರಿಸಿ. ಬೊಗಳಿತು ಅಂದರೆ ನೀವು ಅವಸರ ಮಾಡಿದ್ದೀರಿ ಅಂತ ಅರ್ಥ, ಒಂದು ಹೆಜ್ಜೆ ಹಿಂದೆ ಹೋಗಿ. ನೂರಕ್ಕೂ ಹೆಚ್ಚು ವರ್ಷದ ಹಿಂದೆ ಪಾವ್ಲೊವ್ ತೋರಿಸಿದ್ದ ತತ್ವವೇ ಇದು. ಶಬ್ದ ಕೇಳಿದರೆ ಬಾಯಲ್ಲಿ ನೀರು ಬರಬೇಕು, ಆವೇಶ ಬರಬಾರದು.

ಎರಡನೆಯದು, ಬೊಗಳುವುದರ ಬದಲು ಏನು ಮಾಡಬೇಕು ಅಂತ ಹೇಳಿಕೊಡುವುದು. ಬಾಗಿಲಿನಿಂದ ಸ್ವಲ್ಪ ದೂರ ಒಂದು ಚಾಪೆ ಹಾಕಿ. ‘ಚಾಪೆ’ ಅಂದಾಗ ಅಲ್ಲಿಗೆ ಹೋಗಿ ಕೂತರೆ ತಿಂಡಿ. ಮೊದಮೊದಲು ಬೆಲ್ ಇಲ್ಲದೆಯೇ ಕಲಿಸಿ. ಗಟ್ಟಿಯಾದ ಮೇಲೆ ಮನೆಯವರೇ ಹೊರಗೆ ನಿಂತು ಬೆಲ್ ಒತ್ತಲಿ. ಕೊನೆಗೆ ಪಕ್ಕದ ಮನೆಯವರು, ಆಮೇಲೆ ನಿಜವಾದ ಡೆಲಿವರಿ. ಚಾಪೆಯ ಮೇಲೆ ಕೂತ ನಾಯಿಗೆ ಬಾಗಿಲಿಗೆ ಹಾರಿ ಬೊಗಳುವುದು ಕಷ್ಟ. ಎರಡನ್ನೂ ಒಟ್ಟಿಗೆ ಮಾಡೋಕಾಗಲ್ಲ ನೋಡಿ!

ಜೊತೆಗೆ ‘ಸಾಕು’ ಅನ್ನುವ ಮಾತನ್ನೂ ಕಲಿಸಬಹುದು. ಎರಡು ಮೂರು ಸಲ ಬೊಗಳಲಿ, ಅದು ಅದರ ಡ್ಯೂಟಿ. ಆಮೇಲೆ ತಣ್ಣಗಿನ ದನಿಯಲ್ಲಿ ‘ಸಾಕು’ ಅಂದು ಮೂಗಿನ ಹತ್ತಿರ ತಿಂಡಿ ಹಿಡಿಯಿರಿ. ಮೂಸಲು ಶುರುಮಾಡಿದರೆ ಬೊಗಳುವುದು ತಾನಾಗಿ ನಿಲ್ಲುತ್ತೆ. ಒಂದು ಸೆಕೆಂಡ್ ಸುಮ್ಮನಾದರೂ ಕೊಡಿ. ಆಮೇಲೆ 3 ಸೆಕೆಂಡ್, 5, 10 ಅಂತ ಏರಿಸಿ. ಮನೆಯಲ್ಲಿ ಎಲ್ಲರೂ ಒಂದೇ ಮಾತು ಬಳಸಬೇಕು. ಒಬ್ಬರು ‘ಸಾಕು’, ಇನ್ನೊಬ್ಬರು ‘ಶಟಪ್’, ಮತ್ತೊಬ್ಬರು ‘ಚುಪ್’ ಅಂದರೆ ಪಾಪ, ಅದು ಯಾವ ಭಾಷೆ ಕಲಿಯಬೇಕು?

ಬಾಲ್ಕನಿಗೆ ಪರದೆ, ಊಟಕ್ಕೆ ಶಿಸ್ತು

ಬಾಲ್ಕನಿಯ ಸಮಸ್ಯೆಗೆ ತರಬೇತಿಗಿಂತ ಮೊದಲು ಮರೆ ಬೇಕು. ಕಾಣದಿದ್ದರೆ ಬೊಗಳುವ ಮಾತೇ ಇಲ್ಲ. ಗ್ರಿಲ್ಲಿನ ಕೆಳಭಾಗಕ್ಕೆ ಬಿದಿರಿನ ಪರದೆ ಕಟ್ಟಿದೆವು. ಕಿಟಕಿಯ ಗಾಜಾದರೆ ನಾಯಿಯ ಎತ್ತರದವರೆಗೆ ಮಂಜುಮಂಜಾಗಿ ಕಾಣುವ ಸ್ಟಿಕ್ಕರ್ ಅಂಟಿಸಬಹುದು. ಬಾಡಿಗೆ ಮನೆಯಾದರೂ ಬಿಡುವಾಗ ಕಿತ್ತುಬಿಡಬಹುದು. ರಾತ್ರಿ ಬೀದಿನಾಯಿಗಳ ಸಮ್ಮೇಳನಕ್ಕೆ ರಸ್ತೆ ಕಡೆಯ ಕಿಟಕಿ ಮುಚ್ಚಿ, ಹಾಸಿಗೆಯನ್ನು ಒಳಗಿನ ಕೋಣೆಗೆ ಬದಲಾಯಿಸಿ, ಫ್ಯಾನ್ ಜೋರಾಗಿ ಹಾಕಿದರೆ ಎಷ್ಟೋ ತಗ್ಗುತ್ತೆ.

ಊಟದ ಹೊತ್ತಿನ ಬೊಗಳಾಟ ಬೇರೆಯದೇ ಜಾತಿ. ಅದು ಬೇಡಿಕೆ. ಗುಂಡ ಬೊಗಳಿದರೆ ಅತ್ತೆ ಚಪಾತಿಯ ಚೂರು ಹಾಕುತ್ತಿದ್ದರು. ‘ಬಾಯಿಲ್ಲದ ಜೀವ ಕಣೇ, ಹೊಟ್ಟೆ ಹಸಿದಿರುತ್ತೆ’ ಅನ್ನುವುದು ಅವರ ವಾದ. ಪ್ರೀತಿಯ ಮಾತೇ. ಆದರೆ ಪ್ರತಿ ಸಲ ಕೊಡುವುದಕ್ಕಿಂತ ಆಗೊಮ್ಮೆ ಈಗೊಮ್ಮೆ ಕೊಟ್ಟರೆ ಅಭ್ಯಾಸ ಇನ್ನೂ ಗಟ್ಟಿಯಾಗುತ್ತೆ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪ್ರಯೋಗ ಮಾಡಿ ತೋರಿಸಿದ್ದಾರೆ. ಲಾಟರಿ ಚಟದ ಹಾಗೆ, ಮುಂದಿನ ಸಲ ಸಿಗಬಹುದು ಅನ್ನುವ ಆಸೆ ಬಿಡುವುದಿಲ್ಲ. ಹಾಗಾಗಿ ಕೊಡುವುದು ನಿಲ್ಲಿಸಿದರೆ ಪೂರ್ತಿ ನಿಲ್ಲಿಸಬೇಕು.

ಇಲ್ಲೊಂದು ಎಚ್ಚರಿಕೆ. ನಿಲ್ಲಿಸಿದ ಮೊದಲ ದಿನಗಳಲ್ಲಿ ಬೊಗಳುವುದು ಕಡಿಮೆಯಾಗಲ್ಲ, ಜಾಸ್ತಿಯಾಗುತ್ತೆ! ಕೆಟ್ಟುಹೋದ ಲಿಫ್ಟಿನ ಬಟನ್ನನ್ನು ನಾವು ಮತ್ತೆ ಮತ್ತೆ ಒತ್ತುವುದಿಲ್ಲವೇ, ಹಾಗೆ. ಬಹಳ ಜನ ಸೋಲುವುದು ಇಲ್ಲೇ. ನಾಲ್ಕನೇ ದಿನ ತಡೆಯಲಾರದೆ ಒಂದು ಬಿಸ್ಕತ್ತು ಕೊಟ್ಟರೆ ‘ಇನ್ನೂ ಜೋರಾಗಿ ಬೊಗಳಬೇಕು’ ಅನ್ನುವ ಪಾಠ ಕಲಿಸಿದ ಹಾಗಾಗುತ್ತೆ. ನಮ್ಮ ಮನೆಯಲ್ಲಿ ಅತ್ತೆಯ ಜೊತೆ ಒಂದು ಒಪ್ಪಂದವಾಯ್ತು. ಅವರ ಕೈಯಿಂದಲೇ ತಿಂಡಿ, ಆದರೆ ಎಲ್ಲರ ಊಟ ಮುಗಿದ ಮೇಲೆ, ಗುಂಡ ಚಾಪೆ ಮೇಲೆ ಸುಮ್ಮನೆ ಕೂತಿದ್ದರೆ ಮಾತ್ರ. ಈಗ ಅತ್ತೆಯೇ ಅವನ ಹೆಡ್‌ಮಿಸ್ಸು.

ನೀವಿಲ್ಲದಾಗ ಬೊಗಳಿದರೆ

ಒಂಟಿಯಾಗಿದ್ದಾಗ ಬೊಗಳುವ ನಾಯಿಗಳಲ್ಲಿ ಎರಡು ಬಗೆ. ಒಂದು, ಬೇಜಾರಾಗಿ ಬೊಗಳುವುದು. ಇದಕ್ಕೆ ನಡಿಗೆ ಮತ್ತು ಮೂಗಿಗೆ ಕೆಲಸ ಬೇಕು. ಬೆಳಗಿನ ವಾಕಿಂಗಿನಲ್ಲಿ ಎಳೆದುಕೊಂಡು ಓಡಬೇಡಿ, ಕಂಬ ಪೊದೆಗಳನ್ನು ಸಾವಕಾಶವಾಗಿ ಮೂಸಲಿ. ಹೊರಡುವ ಮುಂಚೆ ಅದರ ಊಟದ ಒಂದು ಪಾಲನ್ನು ಹಳೇ ಟವೆಲ್ಲಿನಲ್ಲಿ ಸುತ್ತಿಡಿ, ಅಥವಾ ಉಪ್ಪು ಒಗ್ಗರಣೆ ಇಲ್ಲದ ಮೊಸರನ್ನವನ್ನು ಟೊಳ್ಳು ರಬ್ಬರ್ ಆಟಿಕೆಯಲ್ಲಿ ತುಂಬಿ ಫ್ರೀಜರಿನಲ್ಲಿಟ್ಟು ಕೊಡಿ. ನೆಕ್ಕಿ ಮುಗಿಸುವುದರಲ್ಲಿ ಸುಸ್ತಾಗಿ ಮಲಗುತ್ತೆ. ನೆನಪಿರಲಿ, ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ನಾಯಿಗೆ ವಿಷ.

ಇನ್ನೊಂದು ಬಗೆ, ಭಯದ್ದು. ನೀವು ಹೋದ ಕೆಲವೇ ನಿಮಿಷಗಳಲ್ಲಿ ಶುರುವಾಗುತ್ತೆ. ಬಾಗಿಲು ಕೆರೆಯುತ್ತೆ, ಜೊಲ್ಲು ಸುರಿಸುತ್ತೆ, ಕಲಿತ ನಾಯಿಯೂ ಮನೆಯೊಳಗೆ ಉಚ್ಚೆ ಮಾಡುತ್ತೆ, ಇಟ್ಟ ತಿಂಡಿ ಮುಟ್ಟುವುದಿಲ್ಲ. ಇದು ಹಠವಲ್ಲ, ನಿಜವಾದ ಆತಂಕ. ಇದಕ್ಕೆ ಬೈದರೆ ಆತಂಕ ಇನ್ನೂ ಹೆಚ್ಚಾಗುತ್ತೆ. ಬೀಗದ ಕೈ ಎತ್ತಿಕೊಂಡು ಎಲ್ಲೂ ಹೋಗದೆ ಕೂತುಬಿಡಿ. ಬಾಗಿಲು ತೆರೆದು ಮುಚ್ಚಿ. ಐದು ಸೆಕೆಂಡ್ ಹೊರಗೆ ನಿಂತು ಬನ್ನಿ, ಆಮೇಲೆ ಅರ್ಧ ನಿಮಿಷ, ಎರಡು ನಿಮಿಷ. ಅದು ಗಾಬರಿಯಾಗುವ ಮುಂಚೆಯೇ ವಾಪಸ್ ಬರುವುದು ಗುಟ್ಟು. ಇದು ವಾರಗಳ ಕೆಲಸ. ಅಷ್ಟು ದಿನ ಅದನ್ನು ಒಂಟಿಯಾಗಿ ಬಿಡದಂತೆ ಅಮ್ಮನೋ ಗೆಳತಿಯೋ ಬಂದಿರಲಿ. ತೀವ್ರವಾಗಿದ್ದರೆ ಪಶುವೈದ್ಯರು ಔಷಧಿಯನ್ನೂ ಕೊಡುತ್ತಾರೆ, ಹಿಂಜರಿಯಬೇಡಿ.

ಯಾವತ್ತೂ ಸುಮ್ಮನಿದ್ದ ನಾಯಿ ಇದ್ದಕ್ಕಿದ್ದಂತೆ ಬೊಗಳತೊಡಗಿದರೆ ತರಬೇತಿ ಪಕ್ಕಕ್ಕಿಟ್ಟು ಮೊದಲು ಡಾಕ್ಟರ ಹತ್ತಿರ ಹೋಗಿ. ನೋವು ಇರಬಹುದು. ವಯಸ್ಸಾದ ನಾಯಿಗೆ ಕಿವಿ ಮಂದವಾಗಿರಬಹುದು, ಮರೆವು ಬಂದಿರಬಹುದು. ಮುದಿ ನಾಯಿ ನಡುರಾತ್ರಿ ಗೋಡೆ ನೋಡಿ ಬೊಗಳುವುದಕ್ಕೆ ದೆವ್ವ ಕಾರಣವಲ್ಲ.

ಇವು ಬೇಡ

ಬಾಯಿಗೆ ಬಟ್ಟೆಯೋ ಹಗ್ಗವೋ ಕಟ್ಟುವುದನ್ನು ಯಾವ ಕಾರಣಕ್ಕೂ ಮಾಡಬೇಡಿ. ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ಬಾಯಿ ತೆರೆದು ತೇಕುವುದರಿಂದ. ಬೇಸಿಗೆಯಲ್ಲಿ ಬಾಯಿ ಕಟ್ಟಿದರೆ ಜೀವಕ್ಕೇ ಅಪಾಯ. ಆನ್‌ಲೈನಿನಲ್ಲಿ ಸಿಗುವ ಕರೆಂಟ್ ಹೊಡೆಯುವ ಪಟ್ಟಿಯೂ ಬೇಡ. ಬ್ರಿಟನ್ನಿನ ವೇಲ್ಸ್‌ನಲ್ಲಿ 2010ರಲ್ಲೇ ಅದನ್ನು ನಿಷೇಧಿಸಿದ್ದಾರೆ. ಭಯದಿಂದ ಬೊಗಳುವ ನಾಯಿಗೆ ಶಾಕ್ ಕೊಟ್ಟರೆ ದನಿ ಅಡಗಬಹುದು, ಭಯ ಅಡಗುವುದಿಲ್ಲ. ಬೊಗಳಿ ಎಚ್ಚರಿಸುವುದನ್ನು ಬಿಟ್ಟ ನಾಯಿ ನೇರ ಕಚ್ಚುವ ಸಾಧ್ಯತೆಯೂ ಇದೆ.

ಅಸೋಸಿಯೇಷನ್ನಿನವರು ಗದರಿಸಿದರೆ ಹೆದರಿ ನಾಯಿ ಬಿಡಬೇಡಿ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯ ಪ್ರಕಾರ ಬೊಗಳುತ್ತೆ ಅನ್ನುವ ಕಾರಣಕ್ಕೆ ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ. ಆದರೆ ಅದೇ ಮಾರ್ಗಸೂಚಿ, ಬಿಡದೆ ಬೊಗಳುವುದರಿಂದ ನೆರೆಯವರಿಗೆ ತೊಂದರೆಯಾಗುತ್ತೆ, ಅದರಲ್ಲೂ ರಾತ್ರಿ ಹೊತ್ತು ನಾಯಿಯನ್ನು ಶಾಂತವಾಗಿಡಲು ಪ್ರಯತ್ನಿಸಿ ಅಂತ ಸಾಕಿದವರಿಗೂ ಹೇಳುತ್ತೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಸದಾ ಕಟ್ಟಿಹಾಕಿದ ನಾಯಿಗೆ ವ್ಯಾಯಾಮ ಮಾಡಿಸದಿರುವುದೂ ತಪ್ಪು, ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆದುಬಿಡುವುದೂ ತಪ್ಪು. ಕಾನೂನು ನಮ್ಮ ಕಡೆಗಿದೆ ಅಂತ ಕೂಗಾಡುವುದು ಸುಲಭ. ಆದರೆ ಕೆಳಗಿನ ಮನೆಯ ಬಾಣಂತಿಗೆ ಕಾನೂನಿನ ಸೆಕ್ಷನ್ ಓದಿದರೆ ನಿದ್ದೆ ಬರುವುದಿಲ್ಲ.

ಹಾಗಾಗಿ ತರಬೇತಿ ಶುರುಮಾಡುವ ದಿನವೇ ನೆರೆಯವರಿಗೆ ಒಂದು ಮಾತು ಹೇಳಿ. ‘ಕಲಿಸ್ತಿದ್ದೀವಿ, ಮೂರ್ನಾಲ್ಕು ವಾರ ಆಗುತ್ತೆ, ಮೊದಲ ವಾರ ಸ್ವಲ್ಪ ಜಾಸ್ತಿಯಾಗಬಹುದು’ ಅಂತ. ನಾನು ಆಂಟಿಗೆ ಇಷ್ಟು ಹೇಳಿ, ಕೂಸು ಮಲಗುವ ಹೊತ್ತು ಕೇಳಿಕೊಂಡು, ಆ ಹೊತ್ತಿನಲ್ಲಿ ಬೆಲ್ಲಿನ ಸ್ವಿಚ್ ಆಫ್ ಮಾಡಿ, ಡೆಲಿವರಿಯವರಿಗೆ ‘ಬೆಲ್ ಮಾಡಬೇಡಿ, ಫೋನ್ ಮಾಡಿ’ ಅಂತ ಆ್ಯಪಿನಲ್ಲಿ ಬರೆದಿಟ್ಟೆ. ತರಬೇತಿ ಫಲ ಕೊಡುವ ಮೊದಲೇ ಕೆಳಗಿನ ಮನೆಯವರಿಗೆ ನಿದ್ದೆ ಸಿಕ್ಕಿದ್ದು ಈ ಸಣ್ಣ ಉಪಾಯದಿಂದ. ನಾಲ್ಕನೇ ವಾರದ ಹೊತ್ತಿಗೆ ಗುಂಡ ಬೆಲ್ಲಿಗೆ ಎರಡು ಸಲ ‘ಬೌ ಬೌ’ ಅಂದು ಚಾಪೆಗೆ ಹೋಗಿ ನನ್ನ ಕೈ ನೋಡತೊಡಗಿದ. ಆ ಎರಡು ಬೌ ಈಗಲೂ ಇದೆ. ಇರಲಿ ಬಿಡಿ, ಬಾಗಿಲಿಗೆ ಯಾರೋ ಬಂದದ್ದು ನಮಗೂ ಗೊತ್ತಾಗಬೇಕಲ್ಲ.

ನೀವು ಇವತ್ತು ಮಾಡಬೇಕಾದ್ದು ಒಂದೇ. ಫೋನಿನಲ್ಲಿ ನೋಟ್ಸ್ ತೆರೆದು, ನಿಮ್ಮ ನಾಯಿಯ ಹೆಸರು ಬರೆದು, ಕೆಳಗೆ ಐದು ದಿನದ ಲೆಕ್ಕ ಶುರುಮಾಡಿ.